ಆಲು ಎಂದ ಹನುಮಕ್ಕನಿಗೆ

ನನ್ನ ಮನೆಯೊಡತಿ ಹನುಮಕ್ಕಜ್ಜಿಗೆ,

ತೊಂಬತ್ತೊಂದರ ಡಿಸೆಂಬರಿನಲ್ಲಿ, ಕಾವೇರಿ ಗಲಾಟೆಯ ವಾರ, ರಾಜಗೋಪಾಲನಗರದ ನಮ್ಮ ಬೀದಿಯಿಂದ ತಮಿಳು ಮನೆಮಾತಿನ ಆರು ಸಂಸಾರಗಳನ್ನು ಓಡಿಸಿದರು. ಓಡಿಸಲು ಬಂದವರ ಕೈಯಲ್ಲಿ ದೊಣ್ಣೆ ಇತ್ತು. ಆ ವಾರ ಊರಿನ ಎಷ್ಟೋ ಕಡೆ ದೊಣ್ಣೆ ಇತ್ತು. ನಮ್ಮ ಬೀದಿಗೆ ಬಂದವರ ಕೈಯಲ್ಲಿ ಒಂದು ಪುಸ್ತಕವೂ ಇತ್ತು. ಕನ್ನಡ ಕಲಿಯಲು ಹೆಸರು ಬರೆಸಿದವರ ಹಾಜರಿ ಪುಸ್ತಕ. ಅದನ್ನು ಬರೆದವನು ನಾನು. ಅವರ ಕೈಗೆ ಕೊಟ್ಟವರು ಯಾರು ಎಂದು ಏಳು ವರ್ಷವಾದರೂ ಯಾರೂ ಬಾಯಿ ಬಿಟ್ಟಿಲ್ಲ. ಆ ವಾರ ಇದಕ್ಕಿಂತ ದೊಡ್ಡ ಅನ್ಯಾಯಗಳು ನಡೆದವು, ಗೊತ್ತು. ಆದರೆ ಇದು ನಮ್ಮ ಬೀದಿಯದು, ನಮ್ಮ ಕೈಯಾರೆ ಆದದ್ದು.

ನಿಮಗೆ ಓದಲು ಬರುತ್ತಿರಲಿಲ್ಲ. ನಾನು ಪೇಪರು ಓದಿ ಹೇಳಲು ಹೊರಟರೆ, "ಬರ್ದಿರೋದನ್ನ ಬುಡಿ ಮೇಷ್ಟ್ರೇ, ಆಗಿದ್ದೇನು ಏಳಿ" ಅನ್ನುತ್ತಿದ್ದಿರಿ. ಅದಕ್ಕೇ ಆಗಿದ್ದನ್ನಷ್ಟೇ ಹೇಳುತ್ತೇನೆ. ನಿಮಗೆ ಗೊತ್ತಿರುವುದೂ ಇದೆ, ಗೊತ್ತಾಗುವ ಮೊದಲೇ ನೀವು ಹೊರಟುಹೋದದ್ದೂ ಇದೆ.

ದಾವಣಗೆರೆ ಕಡೆಯಿಂದ ಬಂದ ನಾನು ಮೊದಲ ಸಲ ನಿಮ್ಮ ಗೇಟಿನ ಮುಂದೆ ನಿಂತದ್ದು ನೆನಪಿದೆಯೇ? ಪೀಣ್ಯದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ಗುಮಾಸ್ತ ಎಂದೆ. ನೀವು ನನ್ನ ಹಣೆಯ ವಿಭೂತಿ ನೋಡಿ, "ಈಶ್ವರನ್ ಜನವಾ? ಸರಿ, ನಾವ್ ಕೋಳಿ ಕುಯ್ದ ದಿನ ಕಿಟ್ಕಿ ಮುಚ್ಕಳಿ" ಎಂದು ಬೀಗದ ಕೈ ಕೊಟ್ಟಿರಿ. ಕಾರ್ಖಾನೆಗಳು ಬರುವ ಮೊದಲು ಈ ಬೀದಿ ನಿಮ್ಮಪ್ಪನ ರಾಗಿ ಹೊಲವಾಗಿತ್ತಂತೆ. ಸಾಲು ಮನೆಗಳನ್ನು ತೋರಿಸುತ್ತ, "ಮದ್ಲು ರಾಗಿ ಬೆಳೀತಿದ್ವಿ, ಈಗ ಬಾಡ್ಗೇರ್ನ ಬೆಳೀತೀವಿ" ಅಂದಿರಿ. ನಕ್ಕೆ. ಆದರೆ ಆ ಸಾಲಿನಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಒಂದೇ ನಲ್ಲಿಯ ಮುಂದೆ ಕೊಡ ಹಿಡಿದು ನಿಂತದ್ದನ್ನು ಕಂಡಾಗ ನನಗೆ ಆದ ಬೆರಗು ಇವತ್ತಿಗೂ ಹೋಗಿಲ್ಲ. ನಾಲ್ಕು ಭಾಷೆಯವರೂ ನಿಮ್ಮ ಹತ್ತಿರ ನಿಮ್ಮದೇ ಕನ್ನಡದಲ್ಲಿ ಜಗಳ ಆಡುತ್ತಿದ್ದರು.

ಆ ಕನ್ನಡ ನನಗೆ ಸಾಲದು ಅನ್ನಿಸಿತು. ನಾನು ಸದಸ್ಯನಾಗಿದ್ದ ಬೀದಿಯ ಕನ್ನಡ ಬಳಗದವರಿಗೆ ಹೇಳಿ ಭಾನುವಾರ ಬೆಳಿಗ್ಗೆ ನಿಮ್ಮ ಜಗಲಿಯ ಮೇಲೆ ಕನ್ನಡ ತರಗತಿ ಶುರು ಮಾಡಿದೆ. ಅವತ್ತಿನಿಂದ ಗುಮಾಸ್ತ ಹೋಗಿ ಮೇಷ್ಟ್ರಾದೆ. ಮೊದಲು ಹೆಸರು ಬರೆಸಿದವನು ಮೂರನೇ ಮನೆಯ ಸೆಲ್ವರಾಜ್. ಎರಕದ ಕಾರ್ಖಾನೆಯಲ್ಲಿ ಅಚ್ಚು ಮಾಡುವವನು, ಉಗುರಿನ ಸಂದಿಯಲ್ಲಿ ಯಾವಾಗಲೂ ಕಪ್ಪು ಮಣ್ಣು. ನಾನು ಪುಸ್ತಕಕ್ಕೆ ಕಂದು ಹೊದಿಕೆ ಹಾಕಿ, ಸ್ಕೇಲು ಇಟ್ಟು ಗೆರೆ ಎಳೆದೆ. ಹೆಸರು, ಮನೆ, ಕೆಲಸ, ಮನೆಮಾತು. ಯಾರಿಗೆ ಯಾವ ಅಕ್ಷರ ತೊಡಕಾಗುತ್ತದೆ ಎಂದು ತಿಳಿಯಲಿಕ್ಕೆ ಆ ಕೊನೆಯ ಕಾಲಂ. ಎಷ್ಟು ಅಚ್ಚುಕಟ್ಟಾಗಿ ಎಳೆದಿದ್ದೆ ಅಂದರೆ…

ಹೊಸ್ತಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತ ನೀವೂ ಕೇಳುತ್ತಿದ್ದಿರಿ. ಒಂದು ಭಾನುವಾರ ನಿಮ್ಮನ್ನೂ ತಿದ್ದಲು ಹೋದೆ.

"ಹಾಲು ಅನ್ನಿ ಅಜ್ಜಿ."

"ಆಲು."

"ಹಾ. ಉಸಿರು ಬಿಟ್ಟು ಹೇಳಿ."

"ಉಸ್ರು ಬುಟ್ರೆ ಸತ್ತೋಯ್ತೀನಿ ಮೇಷ್ಟ್ರೇ."

ತರಗತಿ ಬಿದ್ದು ಬಿದ್ದು ನಕ್ಕಿತು. ಸೆಲ್ವರಾಜನೂ ಆಗ ಆಲು ಅನ್ನುತ್ತಿದ್ದ, ನಿಮ್ಮಿಂದಲೇ ಕಲಿತದ್ದಲ್ಲವೇ? ಅವನ ಬಾಯಿಯ ಮುಂದೆ ಬಸ್ ಟಿಕೆಟ್ ಹಿಡಿದು, ಅದು ಅಲುಗಾಡಿದರೆ ಹ ಸರಿ ಬಂತು ಎಂದು ಹೇಳಿಕೊಟ್ಟೆ. ಕೆಲಸಕ್ಕೆ ಹೋಗುವಾಗ ಅವನು ಟಿಕೆಟ್ ಮುಂದೆ ಊದುತ್ತ ನಡೆಯುತ್ತಿದ್ದ. ಹೆಂಡತಿ ಮಲ್ಲಿಕಾ, "ನಮ್ಮನೇರಿಗೆ ಹ ಹಿಡ್ದಿದೆ ಅಜ್ಜಿ, ಮಂತ್ರ ಹಾಕ್ಸಿ" ಎಂದು ನಿಮ್ಮಲ್ಲಿ ದೂರುತ್ತಿದ್ದಳು. ಎರಡು ತಿಂಗಳಿಗೆ ಅವನ ಹಾಲು ನನ್ನ ಹಾಲಿನಷ್ಟೇ ಗಟ್ಟಿಯಾಯಿತು. ನೀವು ಮಾತ್ರ ಆಲಿನಲ್ಲೇ ಉಳಿದಿರಿ.

ಆಮೇಲೆ ಆ ಬೆಳಿಗ್ಗೆ. ಪೀಣ್ಯದಲ್ಲಿ ಯಂತ್ರಗಳ ಸದ್ದೇ ಇರಲಿಲ್ಲ. ಹಗಲೂ ರಾತ್ರಿ ಕಿವಿಯಲ್ಲಿ ಇರುತ್ತಿದ್ದ ಆ ಗುಂಯ್‌ಗುಡುವಿಕೆ ನಿಂತು, ಎಲ್ಲೋ ದೂರದ ನಾಯಿ ಬೊಗಳಿದ್ದೂ ಕೇಳುತ್ತಿತ್ತು. ನಗರದೊಳಗೆ ಕರ್ಫ್ಯೂ. ನೀರಿನ ವಿಷಯದಲ್ಲಿ ನಾನು ಆಗಲೂ ಕರ್ನಾಟಕದ ಪರ, ಈಗಲೂ ಕರ್ನಾಟಕದ ಪರ. ತಮಿಳುನಾಡಿಗೆ ನೀರು ಬಿಡಿ ಎಂದ ನ್ಯಾಯಮಂಡಳಿಯ ಮಧ್ಯಂತರ ಆದೇಶದ ಬಗ್ಗೆ ಪತ್ರಿಕೆಗಳಿಗೆ ಪತ್ರ ಬರೆದವನು. ನಿಮಗೂ ವಿವರಿಸಲು ಬಂದೆ. "ಕಾವೇರಮ್ಮ ನಮ್ ಬೀದಿಗೆ ಯಾವತ್ ಬಂದಿದ್ಲು ಮೇಷ್ಟ್ರೇ? ನಾವ್ ಕುಡಿಯಾದು ಬೋರ್ ನೀರು" ಅಂದಿರಿ. ಅಷ್ಟರಲ್ಲಿ ಅವರು ಬಂದರು.

ಹದಿನೈದು ಇಪ್ಪತ್ತು ಜನ. ಮುಂದಿನವನು ಪುಸ್ತಕ ಬಿಡಿಸಿ ಓದುತ್ತಿದ್ದ. "ಸೆಲ್ವರಾಜ್, ಮೂರನೇ ಮನೆ, ಮನೆಮಾತು ತಮಿಳು." ಕಂದು ಹೊದಿಕೆ ನೋಡಿದ ಕೂಡಲೆ ನನಗೆ ಗುರುತು ಸಿಕ್ಕಿತು. ನೀವು ಗೇಟಿನ ಒಳಗೆ, ನಾನು ನಿಮ್ಮ ಬೆನ್ನ ಹಿಂದೆ. ಅವನು ಓದುತ್ತಿದ್ದದ್ದು ನನ್ನ ದುಂಡಕ್ಷರ. ಕನ್ನಡ ಕಲಿಯುವುದಿಲ್ಲ ಎಂದು ಕೈ ಅಲ್ಲಾಡಿಸಿ ಹೋದವರ ಹೆಸರು ಅದರಲ್ಲಿ ಒಂದೂ ಇರಲಿಲ್ಲ. ಕಲಿಯುತ್ತೇವೆ ಎಂದು ಬಂದವರಷ್ಟೇ ಇದ್ದರು. ಇದನ್ನು ಕೂಗಿ ಹೇಳಬೇಕಿತ್ತು. ನಿಮ್ಮ ಬೆನ್ನ ಹಿಂದೆಯೇ ಉಳಿದೆ.

ಸೆಲ್ವರಾಜನನ್ನು ಹೊರಗೆ ಕರೆದರು. "ಹಾಲು ಅನ್ನು" ಎಂದ ಪುಸ್ತಕದವನು. "ತಮಿಳರಿಗೆ ಹ ಬರಲ್ಲ ಗುರು, ನೋಡ್ತಿರು."

"ಹಾಲು" ಎಂದ ಸೆಲ್ವರಾಜ್. "ಹಳ್ಳಿ. ಹೂವು. ಹಬ್ಬ." ಕೇಳದಿದ್ದನ್ನೂ ಹೇಳಿದ. ಗಂಟಲು ನಡುಗುತ್ತಿತ್ತು, ಹ ನಡುಗಲಿಲ್ಲ.

ಗುಂಪಿಗೆ ಏನು ಮಾಡಬೇಕೋ ತೋಚಲಿಲ್ಲ. ಹೆಸರು ಪುಸ್ತಕದಲ್ಲಿದೆ, ಹ ಬಾಯಲ್ಲಿದೆ. ಆಗ ನೀವು ಗೇಟು ತೆಗೆದು ಬೀದಿಗೆ ಇಳಿದಿರಿ. ಸೆರಗಿಗೆ ಕೈ ಒರೆಸಿಕೊಳ್ಳುತ್ತ, ತರಕಾರಿ ಗಾಡಿಯ ಹತ್ತಿರ ಹೋಗುವವರ ಹಾಗೆ.

"ಏನ್ಲಾ ಅದು, ನನ್ನೂ ಕೇಳು."

"ನೀವು ಬೇಡ ಅಜ್ಜಿ."

"ಯಾಕ್ ಬ್ಯಾಡ? ಆಲು. ಅಳ್ಳಿ. ಊವು. ಅಬ್ಬ. ನನ್ನೆಸ್ರು ಅನುಮಕ್ಕ. ಪಾಸೋ ಫೇಲೋ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪುಸ್ತಕದವನ ಮುಖ ಕೆಂಪಾಯಿತು. "ಅಜ್ಜಿ, ಸುಮ್ನೆ ಒಳಗೋಗಿ."

"ನೋಡು, ನೀನೂ ಓಗಿ ಅಂದೆ. ನಿಂಗೂ ಅ ಬರಾಕಿಲ್ಲ." ನಿಮ್ಮ ಬಾಯಲ್ಲಿ ಹ ಎಂಬ ಅಕ್ಷರದ ಹೆಸರೂ ಅ ಆಗಿತ್ತು. "ನೀನ್ ನಿಂತಿರೋದು ನಮ್ಮಪ್ಪನ್ ಒಲ ಕಣ್ಲಾ. ಬಾಯಲ್ಲಿ ಅ ಇಲ್ದೋರ್ನ ಓಡ್ಸೋದಾದ್ರೆ ಮದ್ಲು ನನ್ ಓಡ್ಸು. ಯಾವ್ ರಾಜ್ಯಕ್ ಓಗ್ಬೇಕು, ಏಳು."

ಅಜ್ಜಿ, ನಾನು ಸಾಕಷ್ಟು ಓದಿದವನು. ಭಾಷೆಯ ಅಭಿಮಾನದ ಬಗ್ಗೆ ವೇದಿಕೆ ಮೇಲೆ ಗಂಟೆಗಟ್ಟಲೆ ಮಾತಾಡಿದವನು. ಆದರೆ ಒಂದು ಭಾಷೆ ತನ್ನ ನೆಲದ ಮೇಲೆ ನಿಂತುಕೊಳ್ಳುವುದು ಅಂದರೇನು ಎಂದು ಕಣ್ಣಾರೆ ಕಂಡದ್ದು ಅವತ್ತು ಮಾತ್ರ. ನಾನು ತಿದ್ದಲು ಹೊರಟ ಆ ಒಂದು ಅಕ್ಷರ ನಿಮ್ಮ ಬಾಯಲ್ಲಿ ಇಲ್ಲದೆ ಇದ್ದದ್ದೇ ಆ ಬೀದಿಯನ್ನು ಕಾಯಿತು. ನಾನು ತಿದ್ದಿಬಿಟ್ಟಿದ್ದರೆ? ಒಬ್ಬೊಬ್ಬರಾಗಿ ಅವರು ಮುಖ್ಯರಸ್ತೆಯ ಕಡೆ ಸರಿದರು. ಪುಸ್ತಕ ಮಾತ್ರ ಅವರ ಜೊತೆಗೇ ಹೋಯಿತು.

ಅದಕ್ಕೇ ಸೆಲ್ವರಾಜ್ ಹೊರಟ. "ಅಜ್ಜಿ ಇವತ್ತು ನಿಂತ್ರು ಸಾರ್. ನಾಳೆ ಅವ್ರು ಸಂತೆಗೆ ಹೋದಾಗ? ಹೆಸ್ರು ಪುಸ್ತಕದಲ್ಲಿ ಹಾಗೇ ಇರುತ್ತೆ" ಅಂದ. ಮೇಷ್ಟ್ರೇ ಎನ್ನುತ್ತಿದ್ದವನು ಅವತ್ತು ಸಾರ್ ಎಂದ. ನೀವು ಗಮನಿಸಿದಿರೋ ಇಲ್ಲವೋ… ಆರೂ ಮನೆಯವರು ಗಂಟು ಕಟ್ಟಿದರು. ತಮಿಳುನಾಡಿನ ಬಸ್ಸು ಇರಲಿಲ್ಲ. ನೀವು ನಿಮ್ಮ ತಮ್ಮನ ಮಗನ ಸೊಪ್ಪಿನ ಲಾರಿ ತರಿಸಿದಿರಿ. ನಗರದೊಳಗೆ ಹೋಗದೆ ಯಲಹಂಕ, ಹೊಸಕೋಟೆ ಸುತ್ತಿ ಕಾಡುಗೋಡಿಗೆ ಹೋದರೆ ಅಲ್ಲಿಂದ ಜೋಲಾರಪೇಟೆ ಕಡೆಗೆ ರೈಲು ಸಿಗುತ್ತದೆ ಎಂದು ಲೆಕ್ಕ ಹಾಕಿದವರೂ ನೀವೇ. ಮುಂದಿನ ಸೀಟಿನಲ್ಲಿ ನೀವು, ನಿಮ್ಮ ಪಕ್ಕ ನಾನು.

ಹೊಸಕೋಟೆ ದಾಟುವಾಗ ನಾಲ್ಕು ಜನ ಅಡ್ಡ ನಿಂತು, "ಹಿಂದ್ಗಡೆ ಇರೋರೆಲ್ಲ ಯಾರಜ್ಜಿ?" ಎಂದರು.

"ನಮ್ಮನೇರು. ತಿಥಿಗ್ ಓಯ್ತಾ ಅವ್ರೆ."

"ಯಾರ್ ತಿಥಿ?"

"ನಿಂದಲ್ವಲ್ಲ, ಬುಡು ದಾರಿ."

ಬಿಟ್ಟರು. ನೀವು ಎಲೆ ಅಡಿಕೆ ತೆಗೆದಿರಿ.

ಕಾಡುಗೋಡಿಯ ಆ ನಿಲ್ದಾಣವನ್ನು ನಾನು ಸಾಯುವವರೆಗೆ ಮರೆಯಲಾರೆ. ನಮ್ಮ ಆರು ಮನೆಯವರಷ್ಟೇ ಅಂದುಕೊಂಡು ಬಂದರೆ ಅಲ್ಲಿ ಹೆಜ್ಜೆ ಇಡಲು ಜಾಗವಿಲ್ಲ. ಕಟ್ಟಡ ಕಟ್ಟುವವರು, ಎರಕ ಹೊಯ್ಯುವವರು, ಹೂ ಮಾರುವವರು. ಗಂಟಿಗೆ ಹಿಡಿಸದ ಬಟ್ಟೆಯನ್ನು ಮಕ್ಕಳ ಮೈಮೇಲೆ ಒಂದರ ಮೇಲೊಂದು ತೊಡಿಸಿದ್ದರು. ಒಬ್ಬ ಗಾರೆಯವನು ತನ್ನ ಕರಣೆಯನ್ನು ಎದೆಗೆ ಒತ್ತಿಕೊಂಡಿದ್ದ. ಊರನ್ನು ಕಟ್ಟಿದ ಕೈಗಳು ಅಷ್ಟೂ ಒಂದೇ ಕಡೆ ಸುಮ್ಮನೆ ಕೂತಿರುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಮೇಲೆ ಕಿವಿಗೆ ಬಿತ್ತು. ಅವರು ತಮ್ಮತಮ್ಮಲ್ಲೇ ಕನ್ನಡದಲ್ಲಿ ಪಿಸುಗುಡುತ್ತಿದ್ದರು. ಒಬ್ಬ ತಾಯಿ ಮಗುವಿಗೆ "ಅಳ್ಬೇಡ ಕಂದ" ಎನ್ನುತ್ತಿದ್ದಳು. ತಮಿಳು ಯಾರ ಕಿವಿಗಾದರೂ ಬಿದ್ದೀತೆಂಬ ಭಯ. ನನ್ನ ತರಗತಿ ತಿಂಗಳುಗಟ್ಟಲೆ ಕಲಿಸಲಾರದ್ದನ್ನು ಹೆದರಿಕೆ ಒಂದೇ ವಾರದಲ್ಲಿ ಕಲಿಸಿತ್ತು. ನನ್ನ ತಾಯಿನುಡಿ ಜನರ ಬಾಯಿಗೆ ಹೀಗೆ ಬರಬೇಕಾಗಿತ್ತೇ, ಅಜ್ಜಿ? ಅವತ್ತಿನ ನಾಚಿಕೆಗೆ ನನ್ನ ಓದಿನಲ್ಲಿ ಪದವಿಲ್ಲ.

ರೈಲು ಹೋದ ಮೇಲೆ ಮಲ್ಲಿಕಾ ಕೊಟ್ಟುಹೋದ ಸೀಮೆಎಣ್ಣೆ ಸ್ಟೌವು ಹಿಡಿದು ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದಿರಿ. ಸೆಲ್ವರಾಜನ ಮನೆಯನ್ನು ಮುಂದಿನ ತಿಂಗಳೇ ರಾಯಚೂರಿನವರಿಗೆ ಕೊಟ್ಟಿರಿ. ಖಾಲಿ ಬಿಟ್ಟರೆ ಇಲಿ ಬರುತ್ತವೆ ಅಂದಿರಿ. ನನಗೆ ಅಂದದ್ದು ಒಂದೇ ಮಾತು. "ಕ್ಲಾಸು ಮಾಡಿ ಮೇಷ್ಟ್ರೇ. ಬಂದೋರ್ಗೆಲ್ಲ ಕಲ್ಸಿ. ಎಸ್ರು ಬರ್ಕಂಬ್ಯಾಡಿ." ಪುಸ್ತಕ ಯಾರದೆಂದು ನಿಮಗೆ ತಿಳಿದಿತ್ತು. ಕೊಟ್ಟದ್ದು ನಾನೇ ಏನು ಎಂದು ನೀವು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಹಗುರಾಗುತ್ತಿದ್ದೆನೋ ಏನೋ. ಅಂದಿನಿಂದ ಹಾಜರಿ ಇಲ್ಲದೆ ಪಾಠ ನಡೆದಿದೆ.

ನೀವು ಹೋದಿರಿ, ಹೋದ ವರ್ಷ. ಕಳೆದ ವಾರ ನನಗೆ ಒಂದು ಕಾರ್ಡು ಬಂತು, ಧರ್ಮಪುರಿ ಕಡೆಯಿಂದ. ಕನ್ನಡ ಅಕ್ಷರ, ಒಂದು ಕಾಗುಣಿತವೂ ತಪ್ಪಿಲ್ಲ. ಸೆಲ್ವರಾಜ್ ಬರೆದಿದ್ದಾನೆ. ನೀವಿಲ್ಲದ್ದು ಅವನಿಗೆ ಗೊತ್ತಿಲ್ಲ. "ಅಜ್ಜಿಗೆ ನಮಸ್ಕಾರ. ಹಳೆಯ ಮಾಲೀಕರು ಮತ್ತೆ ಕೆಲಸಕ್ಕೆ ಕರೆದಿದ್ದಾರೆ. ಮಲ್ಲಿಕಾಗೂ ಬರಲು ಮನಸ್ಸಿದೆ. ಒಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಮೇಷ್ಟ್ರೇ. ಪುಸ್ತಕ ಕೊಟ್ಟದ್ದು ನೀವಾ? ನೀವಲ್ಲ ಎಂದರೆ ಯಾರು? ಗೊತ್ತಾಗದೆ ಬಂದರೆ ಬೀದಿಯಲ್ಲಿ ಪ್ರತಿಯೊಬ್ಬರ ಮುಖ ನೋಡಿ ಇವರಾ, ಅವರಾ ಎಂದುಕೊಳ್ಳುತ್ತಲೇ ಬದುಕಬೇಕು. ಅದು ನನ್ನಿಂದ ಆಗುವುದಿಲ್ಲ."

ಏಳು ವರ್ಷದ ಮೇಲೂ ಅವನು ಮೇಷ್ಟ್ರೇ ಎಂದು ಬರೆದಿದ್ದಾನೆ. ನನ್ನ ಮೇಲೆ ಅನುಮಾನ ಇಟ್ಟುಕೊಂಡೇ. ಇಂಥ ಜನರನ್ನು ನಾವು ಓಡಿಸಿದೆವು.

ಬರುವ ಭಾನುವಾರ ಬಳಗದ ವಾರ್ಷಿಕ ಸಭೆ. ಈ ಪತ್ರವನ್ನು ಅಲ್ಲಿ ಓದುತ್ತೇನೆ. ನನ್ನ ತಪ್ಪನ್ನು ಮೊದಲು ಹೇಳುತ್ತೇನೆ: ಪುಸ್ತಕ ಮಾಡಿದವನು ನಾನು, ಮನೆಮಾತಿನ ಗೆರೆ ಎಳೆದವನು ನಾನು, ಮುದುಕಿಯ ಬೆನ್ನ ಹಿಂದೆ ಬಾಯಿ ಮುಚ್ಚಿ ನಿಂತವನೂ ನಾನೇ. ಆ ಪುಸ್ತಕ ಬಳಗದ ಬೀರುವಿನಲ್ಲಿತ್ತು. ಬೀಗ ಮುರಿದಿರಲಿಲ್ಲ. ಕೀಲಿಕೈ ಇದ್ದದ್ದು ಮೂವರ ಬಳಿ: ಅಧ್ಯಕ್ಷರು, ಕಾರ್ಯದರ್ಶಿಗಳು, ನಾನು. ಏಳು ವರ್ಷ ಒಂದೇ ಚಾಪೆಯ ಮೇಲೆ ಕೂತು ಊಟ ಮಾಡಿದ್ದೇವೆ, ಸಾಕು. ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಬೀರು ತೆರೆದವರು ನಿಮ್ಮಲ್ಲಿ ಯಾರು? ಯಾರ ಕೈಗೆ ಕೊಟ್ಟಿರಿ? ನನ್ನ ಕಿವಿಯಲ್ಲಿ ಹೇಳುವುದು ಬೇಡ. ಬೀದಿಯವರೆಲ್ಲ ಕೂತಿರುತ್ತಾರೆ, ಅವರ ಎದುರು ಎದ್ದು ನಿಂತು ಹೇಳಿ. ಸೋಮವಾರ ನಾನು ಸೆಲ್ವರಾಜನಿಗೆ ಉತ್ತರ ಬರೆಯಬೇಕು.