ಹ್ಯಾಂಡ್‌ಬ್ರೇಕ್ ಎಳೆ ಎಂದವನಿಗೆ

ಯಾಕುತ್ಸ್ಕ್, ಸೋಮವಾರ

ದೊಖ್ಸುನ್ ಅಣ್ಣನಿಗೆ,

ನನ್ನ ಗಂಡ ಗ್ಲೆಬ್‌ನ ಬಲಪಾದವನ್ನು ಇಂದು ಮಧ್ಯಾಹ್ನ ಕತ್ತರಿಸಿ ತೆಗೆದರು. ಎಡಪಾದವೂ ಉಳಿಯುವುದಿಲ್ಲ ಎಂದು ವೈದ್ಯೆ ಹೇಳಿದ್ದಾರೆ.

ಹೋದ ವಾರ ನಿನ್ನ ಮನೆಗೆ ಬರುವಾಗ ಅವನು ನದಿಯ ಮಂಜುಗಡ್ಡೆಯ ಮೇಲೆ ಉಕ್ಕಿದ್ದ ನೀರು ದಾಟಿ, ಒಂದು ನಿಮಿಷ ಇಳಿಯಲೆಂದು ಕಾರು ನಿಲ್ಲಿಸಿ, ನೀನು ಕಲಿಸಿದಂತೆ ಹ್ಯಾಂಡ್‌ಬ್ರೇಕ್ ಎಳೆದ. ಮೈನಸ್ ಐವತ್ತರಲ್ಲಿ ಒದ್ದೆ ಚಕ್ರಕ್ಕೆ ಹಾಗೆ ಮಾಡಿದರೆ ಬ್ರೇಕು ಹೆಪ್ಪುಗಟ್ಟಿ ಹಿಡಿದುಬಿಡುತ್ತದೆ. ಚಕ್ರಕ್ಕೆ ಕಟ್ಟಿಗೆ ಕೊಟ್ಟು ನಿಲ್ಲಿಸಬೇಕೆಂದು ನಮ್ಮೂರಿನ ಮಕ್ಕಳಿಗೂ ಗೊತ್ತು, ನಿನಗೂ ಗೊತ್ತಿತ್ತು. ಸೋಚಿಯ ಬಿಸಿಲಿನಿಂದ ಬಂದ ಗ್ಲೆಬ್‌ಗೆ ಗೊತ್ತಿರಲಿಲ್ಲ. ಬಿಡಿಸಲು ಒಂದನೇ ಗೇರಿನಲ್ಲಿ ಮತ್ತೆ ಮತ್ತೆ ಎಳೆದು ಕ್ಲಚ್ ಸುಟ್ಟುಕೊಂಡ. ಆಗ ನಿನಗೆ ಫೋನ್ ಮಾಡಿದ.

“ಕಾರಲ್ಲೇ ಕೂತಿರು, ಹೊರಟೆ” ಎಂದೆಯಂತೆ. ಫೋನ್ ಇಟ್ಟ ಮೇಲೆ ನೀನು ಹೇಳಿದ್ದನ್ನು ಅತ್ತಿಗೆ ತಿಳಿಸಿದಳು: “ಬಿಸಿಲೂರಿನ ಭಾವಯ್ಯ ಸ್ವಲ್ಪ ನಡುಗ್ಲಿ ಬಿಡೇ, ಗಂಡಸಾಗ್ತಾನೆ. ಈ ಮೀನು ಮುಗಿಸಿ ಹೋದ್ರಾಯ್ತು.” ಊಟಕ್ಕೆ ಕೂತಿದ್ದವರೆಲ್ಲ ನಕ್ಕರಂತೆ. ಆಮೇಲೆ ನೀನು ಕುಡಿದು ಮಲಗಿದೆ.

ರಾತ್ರಿ ಪೆಟ್ರೋಲ್ ಮುಗಿದು ಎಂಜಿನ್ ನಿಂತಿತು, ಚಳಿಗೆ ಫೋನೂ ಆರಿತು. ಬೆಳಿಗ್ಗೆ ಅವನನ್ನು ಎತ್ತಿ ತಂದದ್ದು ಲಾರಿ ಓಡಿಸುವ ಕೆಸ್ಕಿಲ್. ಗ್ಲೆಬ್ ಅವನಿಗೆ ಹೇಳಿದ ಮೊದಲ ಮಾತು, “ನನ್ನ ಬಿಡಿ, ದೊಖ್ಸುನ್ ದಾರೀಲಿ ಎಲ್ಲೋ ಸಿಕ್ಕಾಕೊಂಡಿದಾನೆ, ಅವನ್ನ ಹುಡುಕಿ.”

ಈಗಲೂ ನಿನ್ನನ್ನೇ ಕೇಳುತ್ತಾನೆ. ನೀನು ಮನೆಯಿಂದ ಹೊರಡಲೇ ಇಲ್ಲ ಎಂದು ನಾನು ಹೇಳಿಲ್ಲ. ಅದನ್ನು ನೀನೇ ಬಂದು ಹೇಳಬೇಕು. ಭೇಟಿಗೆ ಬುಧವಾರ ಸಂಜೆ ನಾಲ್ಕಕ್ಕೆ ಬಿಡುತ್ತಾರೆ. ಎಡಪಾದ ತೆಗೆಯುವುದು ಗುರುವಾರ ಬೆಳಿಗ್ಗೆ.

ಇಂತಿ,
ಸಸ್ಕಿಲಾನಾ