ಬಲೂನಿನ ಪಕ್ಕದ ಕಿಟಕಿ

ಮಾರ್ಚ್ 4, ಬೆಳಗ್ಗೆ
ಇವತ್ತೂ ಅತ್ತೆ ನುಗ್ಗಿದರು. ನಾನು ಟವೆಲ್ ಸುತ್ತಿಕೊಂಡು ನಿಂತಿದ್ದೆ. ಮಾವನ ಕಾಲುಚೀಲ ಬೇಕಿತ್ತಂತೆ. ನಮ್ಮ ರೂಮು ಅಂದರೆ ಹಾಲಿಗೆ ಅಡ್ಡ ನಿಲ್ಲಿಸಿದ ಬೀರು, ಅಷ್ಟೇ. ಅದರಲ್ಲಿ ಇಡೀ ಮನೆಯ ಬಟ್ಟೆ, ಬಾಗಿಲು ತೆರೆಯುವುದು ನಮ್ಮ ಕಡೆಗೆ!
"ನಿನ್ನ ಪಾಡಿಗೆ ನೀನಿರಮ್ಮ, ನಾನೇನು ಹೊರಗಿನವಳಾ?"
ಹೊಸ ಗಂಡನನ್ನು ಅತ್ತೆ ಎದುರು 'ರೀ' ಅನ್ನುತ್ತೇನೆ. ಬೀರುವಿನ ಈಚೆ 'ಗೂಬೆ', ಅದೂ ಪಿಸುಗುಟ್ಟಿ. ಹಲ್ಲುಜ್ಜುತ್ತಾ ಹಾಡುತ್ತಾನೆ, ಪೇಸ್ಟೆಲ್ಲಾ ಗಲ್ಲದ ಮೇಲೆ... ಸೋ ಕ್ಯೂಟ್! ಕೋಪವೂ ನಿಲ್ಲುವುದಿಲ್ಲ.

ಮಾರ್ಚ್ 9
ಬಲೂನ್!!! ಹಿಂದಿನ ಖಾಲಿ ಜಾಗದಲ್ಲಿ ಹಗ್ಗ ಕಟ್ಟಿ ಕಿತ್ತಳೆ ಬಣ್ಣದ್ದು ಹಾರಿಸಿದ್ದಾರೆ. ಕಟ್ಟಡ ಎಷ್ಟೆತ್ತರ ಬರುತ್ತದೆಂದು ಅಕ್ಕಪಕ್ಕದವರಿಗೆ ತೋರಿಸಲು. ಈ ಬೀದಿಯಲ್ಲಿ ಇದುವರೆಗೆ ಒಂಟಿ ಮನೆಗಳಿಗಷ್ಟೇ ಅನುಮತಿ. ಈಗ ಪುರಸಭೆ ಝೋನ್ ಬದಲಿಸಿ ನಾಲ್ಕು ಮಹಡಿಯ ಬಾಡಿಗೆ ಫ್ಲ್ಯಾಟು ತರಬೇಕೆಂದಿದೆ. ಗ್ರೀನ್ ಬಿಲ್ಡಿಂಗ್ ಆಗಿರಲೇಬೇಕು. ಮರ ಕಡಿಯುವಂತಿಲ್ಲ, ಮೇಲೆ ಸೋಲಾರ್, ಪ್ರತಿ ಮನೆಗೂ ಎರಡು ದಿಕ್ಕಿನ ಗಾಳಿ. ಬಾಡಿಗೆಯೂ ನಮ್ಮ ಸಂಬಳಕ್ಕೆ ಎಟುಕುವಷ್ಟೇ.
ತಾರಸಿಯಲ್ಲಿ ಗೂಬೆ ಕೈ ತೋರಿಸಿದ. "ಆ ಬಲೂನ್ ಪಕ್ಕ ನಮ್ಮ ಕಿಟಕಿ."
"ರೂಮಿಗೆ ಚಿಲಕ?"
"ಎರಡು ಹಾಕಿಸ್ತೀನಿ."
ಅಲ್ಲೇ ಅಪ್ಪಿಕೊಂಡೆ. ಕೆಳಗಿನಿಂದ ಅತ್ತೆಯ ಕೂಗು: "ಅಯ್ಯೋ, ಅಲ್ಲಿಂದ ನಮ್ಮ ಅಡುಗೆಮನೆ ತಳ ಹಿಡಿದ ಪಾತ್ರೆನೂ ಕಾಣುತ್ತಲ್ಲೋ!"

ಮಾರ್ಚ್ 11
ಮೈಯೆಲ್ಲ ಉರಿ. ನಮ್ಮ ಹಾಲಿನಲ್ಲೇ ಬೀದಿಯವರ ಮೀಟಿಂಗ್.
"ಬಾಡಿಗೆಯವರು ಅಂದ್ರೆ ಇವತ್ತಿದ್ದು ನಾಳೆ ಹೋಗೋ ಜನ," ಎದುರುಮನೆ ಡೆಂಟಿಸ್ಟ್ ಅಂದರು.
"ಹಾಗಂತ ಬರೆಯೋಕಾಗುತ್ತಾ? ಕಾರಣ ಏನು ಕೊಡೋಣ?" ಮಾವ.
"ಪರಿಸರ ಅನ್ನಿ ಸಾರ್. ಯಾರೂ ಎದುರಾಡಲ್ಲ."
ಪರಿಸರವಂತೆ! ಎರಡನೇ ಕಾರು ನಿಲ್ಲಿಸಲು ಮನೆ ಮುಂದಿನ ಮರ ಕಡಿಸಿದ ಮನುಷ್ಯ! ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.
"ಅಲ್ಲಿ ಮರ ಉಳಿಸ್ತಾರಲ್ಲ ಅಂಕಲ್?" ಎಂದೆ.
"ನೀನು ಟೀ ತಗೊಂಡು ಬಾಮ್ಮ," ಮಾವ.
ಗೂಬೆ ಖಾಲಿ ಕುರ್ಚಿಗಳನ್ನು ಸರಿಮಾಡುತ್ತಾ ನಿಂತ. ಬೀರುವಿನ ಈಚೆ ಬಂದ ಮೇಲೆ ಪಿಸುಮಾತು: "ಪುರಸಭೆಲಿ ಹೇಳ್ತೀನಿ. ಪ್ರಾಮಿಸ್."

ಮಾರ್ಚ್ 20
ಬರೆಯದಿದ್ದರೆ ಸಿಡಿದುಹೋಗುತ್ತೇನೆ.
ಪುರಸಭೆಯಲ್ಲಿ ಅಹವಾಲು ಸಭೆ. ಪರಿಸರದ ಆಟ ನಡೆಯಲಿಲ್ಲ. ಪ್ಲಾನಿಂಗ್ ಆಫೀಸರಮ್ಮ ಒಂದೊಂದಕ್ಕೂ ತಣ್ಣಗೆ ಉತ್ತರ ಕೊಟ್ಟರು. ಆಗ ಮಾವ ಮೈಕ್ ಹಿಡಿದರು.
"ನಮ್ಮನೆಗೆ ಹೊಸ ಸೊಸೆ ಬಂದಿದ್ದಾಳೆ. ಆ ಕಿಟಕಿಗಳು ಬಂದ್ರೆ ಆ ಹೆಣ್ಣುಮಗು ತಾರಸಿ ಮೇಲೆ ಬಟ್ಟೆ ಒಣಗಿಸೋದು ಹೇಗೆ? ಅವಳ ಮರ್ಯಾದೆ ಪ್ರಶ್ನೆ ಇದು."
ಚಪ್ಪಾಳೆ! ಅತ್ತೆ ಕಣ್ಣೊರೆಸಿಕೊಂಡರು. ಬೆಳಗ್ಗೆಯಷ್ಟೇ ಹೇಳದೆ ಕೇಳದೆ ಒಳಗೆ ಬಂದಿದ್ದ ಅದೇ ಅತ್ತೆ.
ನನ್ನ ಮರ್ಯಾದೆ! ಬಾಗಿಲಿಲ್ಲದ ರೂಮು ಕೊಟ್ಟಾಗ ಅದು ಯಾವ ಊರಿಗೆ ಹೋಗಿತ್ತು?
ಗೂಬೆಯ ಕಡೆ ನೋಡಿದೆ. ಶೂ ಲೇಸ್ ನೋಡುತ್ತಿದ್ದ. ಮೊಣಕೈಯಿಂದ ತಿವಿದೆ. ಇನ್ನೂ ಬಗ್ಗಿದ.
ನಾನೇ ಎದ್ದೆ. "ಆ ಸೊಸೆ ನಾನೇ. ನಾಲ್ಕನೇ ಮಹಡಿ ಮನೆ ನಂಗೆ ಬೇಕು. ಬಾಡಿಗೆಗೆ."
ಆಫೀಸರಮ್ಮ, "ಇನ್ನೇನಾದ್ರೂ ಇದೆಯಾ?" ಎಂದರು.
"ಕಿಟಕಿಯಿಂದ ನಂಗೇನೂ ತೊಂದ್ರೆ ಇಲ್ಲ ಮೇಡಮ್. ತೊಂದ್ರೆ ಇರೋದು ಬೀರುವಿಂದ."
ಸಭೆಗೆ ಅರ್ಥವಾಗಲಿಲ್ಲ. ಆಗಬೇಕಾದವರಿಗೆ ಆಯಿತು.

ಮಾರ್ಚ್ 21
ಅತ್ತೆಯದು ಪಾತ್ರೆಗಳ ಜೊತೆ ಮಾತ್ರ ಮಾತು. "ಮನೆ ಮಾನ ಬೀದಿಗೆ ಹಾಕಿದ್ಲು." ದಡಾರ್.
"ಅಷ್ಟು ಜನರ ಮುಂದೆ ಹೇಳ್ಬೇಕಿತ್ತಾ?" ಅವನು.
"ನೀವು ಹೇಳಿದ್ರೆ ನಾನ್ಯಾಕೆ ಹೇಳ್ತಿದ್ದೆ, ರೀ?"
ಹೌದು, 'ರೀ'. ಬೀರುವಿನ ಈಚೆಯೂ. ಅವನ ಮುಖ ಸಣ್ಣಗಾಯಿತು. ಆಗಲಿ.

ಏಪ್ರಿಲ್ 16, ಸಂಜೆ
ತೀರ್ಮಾನ ಬಂತು. ಝೋನ್ ಬದಲಾಯಿತು, ಫ್ಲ್ಯಾಟು ಬರುತ್ತದೆ. ಆದರೆ ನಮ್ಮ ಮನೆ ಕಡೆ ಒಂದೂ ಕಿಟಕಿ ಇರಕೂಡದಂತೆ. 'ನೆರೆಮನೆಯ ಮಹಿಳೆಯರ ಖಾಸಗಿತನಕ್ಕಾಗಿ.' ಕಿಟಕಿ ಇಲ್ಲದಿದ್ದರೆ ಎರಡು ದಿಕ್ಕಿನ ಗಾಳಿ ಇಲ್ಲ, ಗಾಳಿ ಇಲ್ಲದ ಮನೆಗೆ ಗ್ರೀನ್ ಅನುಮತಿ ಇಲ್ಲ. ಹಾಗಾಗಿ ಈ ಕಡೆಯ ಮನೆಗಳೆಲ್ಲ ರದ್ದು. ಬಲೂನಿನ ಮನೆಯೂ. ನನ್ನ ಹೆಸರು ಹೇಳಿ ನನ್ನ ಕಿಟಕಿಯನ್ನೇ ಕಿತ್ತುಕೊಂಡರು! ಮಾವ ಗೆದ್ದವರಂತೆ ಮೀಸೆ ತಿರುವುತ್ತಿದ್ದಾರೆ.
ಅಳುವುದಿಲ್ಲ. ಅತ್ತರೆ ಬೀರುವಿನ ಆ ಕಡೆಗೆ ಕೇಳಿಸುತ್ತದೆ.
ಈಗಷ್ಟೇ ಅತ್ತೆ ಟವೆಲಿಗೆ ಬಂದರು. ಅವನು ಅಡ್ಡ ನಿಂತ.
"ಅಮ್ಮ, ಅಲ್ಲೇ ಇರು. ಬೀರು ತಿರುಗಿಸ್ತೀನಿ. ಇನ್ಮೇಲೆ ಬಾಗಿಲು ಹಾಲ್ ಕಡೆಗೆ."
"ಅಪ್ಪನ್ನ ಕೇಳಿದ್ಯೇನೋ?"
"ಇಲ್ಲ. ಕೇಳಲ್ಲ. ಫ್ಲ್ಯಾಟಿನ ಆಚೆ ಕಡೆ ಮನೆ ಸಿಕ್ಕರೆ ಹೋಗ್ತೀವಿ. ಅದನ್ನೂ ಕೇಳಲ್ಲ."
ಅಬ್ಬಾ. ಗಂಟಲಿದೆ ಇವನಿಗೆ. ತಿಂಗಳು ತಡವಾಗಿ.
ಒಬ್ಬನೇ ತಳ್ಳುತ್ತಿದ್ದಾನೆ. ಬೀರು ಜಪ್ಪಯ್ಯ ಅಂದರೂ ಅಲುಗುತ್ತಿಲ್ಲ. ಮುಖ ಟೊಮೇಟೊ. ತಳ್ಳಲಿ. ನನ್ನ ಕೋಪ ಇಳಿದಿಲ್ಲ, ಇನ್ನೂ ಸ್ವಲ್ಪ ತಳ್ಳಲಿ... ಅಯ್ಯೋ, ಮೇಲಿನ ಸೂಟ್‌ಕೇಸ್ ಜಾರುತ್ತಿದೆ — ಏ ಗೂಬೆ, ನಿಲ್ಲು, ಆ ತುದಿ ನಾನು ಹಿಡಿ—