ಇಪ್ಪತ್ತೊಂದು ನಂಬರಿನ ಹುಡುಗ

ಲೊರೇನ್, ಒಹಾಯೊ
ಏಪ್ರಿಲ್ ೧೧, ಸೋಮವಾರ

ಪ್ರೀತಿಯ ಟೆಸ್ಸಾ,

ಈ ಕಾಗದ ಬರೆಯುವುದು ನನಗೆ ಸುತರಾಂ ಇಷ್ಟವಿಲ್ಲ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಉಕ್ಕಿನ ಕಾರ್ಖಾನೆಯ ಅಡುಗೆಮನೆ ಸೇರಿದವಳ ಕೈಗೆ ಪೆನ್ನು ತುರುಕಿ, ಎದುರಿಗೆ ಕುರ್ಚಿ ಹಾಕಿಕೊಂಡು ಪೊಲೀಸಿನವಳ ಹಾಗೆ ಕೂತಿದ್ದಾಳೆ ನಿನ್ನ ಅಮ್ಮ. ನಾನು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅವಳು ಮಾಡಿದರೆ ಎತ್ತುತ್ತೀಯಂತೆ. ಇರಲಿ. ಡೆಟ್ರಾಯಿಟ್ ಹತ್ತಿರ ಟಪಾಲು ದೋಣಿಯವನು ನೀನು ಕೆಲಸ ಮಾಡುವ ಅದಿರು ಹಡಗಿನ ಪಕ್ಕಕ್ಕೆ ಬಂದು ಬಕೆಟ್ಟಿನಲ್ಲಿ ಕಾಗದ ಹಾಕಿದಾಗ ಹಗ್ಗ ಎಳೆದುಕೊಳ್ಳುವವಳು ನೀನೇ ಅಲ್ಲವೇ. ನನ್ನ ಅಕ್ಷರ ಕಂಡ ಕೂಡಲೇ ನೀರಿಗೆ ಎಸೆಯಬೇಡ. ಪೂರ್ತಿ ಓದು, ಆಮೇಲೆ ಬೇಕಾದರೆ ಎಸೆ.

ಮೊದಲು ನಿನ್ನ ಕೆಮ್ಮು ಹೇಗಿದೆ ಹೇಳು. ನಿಮ್ಮ ಹಡಗು ಹೋಗುವ ಮೇಲಿನ ಸರೋವರದಲ್ಲಿ ಇನ್ನೂ ಮಂಜುಗಡ್ಡೆ ಕರಗಿಲ್ಲವಂತೆ. ನಾನು ಹೆಣೆದು ಕೊಟ್ಟ ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತಿದ್ದೀಯೋ, ಇಲ್ಲ ಕೋಪದಲ್ಲಿ ಅದನ್ನೂ ಪೆಟ್ಟಿಗೆಯ ತಳಕ್ಕೆ ಹಾಕಿದ್ದೀಯೋ? ಕೋಪ ನನ್ನ ಮೇಲೆ, ಕಾಲಿನ ಮೇಲೆ ಅಲ್ಲ. ನನ್ನ ಮಂಡಿ ಇದ್ದ ಹಾಗೇ ಇದೆ. ಮೆಟ್ಟಿಲು ಹತ್ತಬೇಡಿ ಅಂದರು ಡಾಕ್ಟರು. ಹಾಗಾದರೆ ನೀವೇ ಬಂದು ನನ್ನ ಮಂಚ ಕೆಳಗಿಳಿಸಿ ಅಂದೆ.

ಈಗ ವಿಷಯ. ನಿನ್ನ ಮೂರು ಸಾಲಿನ ಕಾಗದ ಬಂತು. ನಾನು ನೆಲ್ಸನ್‌ನ ಅಮ್ಮನಿಗೆ ಹೇಳಿದ ಮಾತು ಹಡಗಿನವರೆಗೂ ಬಂದು ಮುಟ್ಟಿದೆ, ಅದು ಸರಿಹೋಗುವ ತನಕ ನೀನು ಅವನನ್ನು ನನ್ನ ಮನೆಗೆ ಕರೆತರುವುದಿಲ್ಲ, ನೀನೂ ಬರುವುದಿಲ್ಲ, ಅಷ್ಟೇ ಬರೆದಿದ್ದೀಯ. ಮದುವೆಯಾಗುವ ಹುಡುಗನನ್ನು ಅಜ್ಜಿಗೆ ತೋರಿಸದೆ ಮದುವೆಯಾಗುತ್ತೀಯಾ? ನೀನು ಕೇಳಿದ್ದು ಒಂದು ಕಡೆಯ ಮಾತು. ಅರ್ಧ ಆಟ ನೋಡಿ ಎದ್ದು ಹೋಗುವವರನ್ನು ಕಂಡರೆ ನಿನಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ. ಕೂತು ಪೂರ್ತಿ ಕೇಳು.

ಎಲ್ಲ ಶುರುವಾದದ್ದು ನವೆಂಬರಿನಲ್ಲಿ, ಕ್ಷೌರದ ಅಂಗಡಿಯ ವಿನ್ಸ್‌ನಿಂದ. ಚರ್ಚಿನವರೆಲ್ಲ ಬಸ್ಸು ಮಾಡಿಕೊಂಡು ಆ ಸಣ್ಣ ಕಾಲೇಜಿನ ಫುಟ್‌ಬಾಲ್ ಆಟಕ್ಕೆ ಹೊರಟೆವು. ವಿನ್ಸ್ ಮೈಗೆ ಸರಿಯಿಲ್ಲವೆಂದು ಮನೆಯಲ್ಲೇ ಉಳಿದ. ಉಳಿದವನು ಸುಮ್ಮನಿರಬೇಕಲ್ಲ. "ಅಕ್ಕಾ, ಇಪ್ಪತ್ತೊಂದು ನಂಬರಿನ ಹುಡುಗನ ಮೇಲೆ ಒಂದು ಕಣ್ಣಿಟ್ಟಿರು. ಡ್ರಾಫ್ಟಲ್ಲಿ ನಮ್ಮ ಕ್ಲೀವ್‌ಲ್ಯಾಂಡ್ ತಂಡದೋರು ಆರಿಸ್ಕೋಬೇಕಾಗಿರೋದು ಅವನನ್ನೇ" ಅಂದ. ಇಟ್ಟೆ. ಹಿಮ ಬೀಳುತ್ತಿತ್ತು, ಕಂಬಳಿ ಹೊದ್ದು ಕೂತು ಬೇರೇನೂ ನೋಡದೆ ಅವನನ್ನೇ ನೋಡಿದೆ. ಚೆಂಡು ಅವನ ಕಡೆ ಬಂದಾಗಲೆಲ್ಲ, ಎದುರಿನವನು ಮೈಮೇಲೆ ಬೀಳುತ್ತಾನೆಂದು ಹೆದರಿ ಕೈ ಒಳಗೆ ಎಳೆದುಕೊಳ್ಳುತ್ತಿದ್ದ. ಒಂದು ಸಲವಲ್ಲ, ಆಟ ಮುಗಿಯುವ ತನಕ. ಬಿಸಿ ಪಾತ್ರೆ ಮುಟ್ಟಿದವರ ಹಾಗೆ.

ನಮ್ಮ ಊರಿನವರು ಹುಡುಗರನ್ನು ಅಳೆಯುವ ರೀತಿ ನಿನಗೆ ಗೊತ್ತೇ ಇದೆ. ನಾವು ಗೆದ್ದು ಎಷ್ಟು ಕಾಲವಾಯಿತು. ದೊಡ್ಡ ತಂಡಗಳು ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಈ ಡ್ರಾಫ್ಟ್ ಒಂದೇ ಸೋತವರಿಗೆ ಮೊದಲ ಸರದಿ ಕೊಡುವ ಹಬ್ಬ, ಅದಕ್ಕೇ ಚಳಿಗಾಲವೆಲ್ಲ ಅದೇ ಮಾತು. ವಿನ್ಸ್ ದನದ ಸಂತೆಯಲ್ಲಿ ಹಲ್ಲು ಎಣಿಸುವವನ ಹಾಗೆ ಅಂಗೈ ಎಷ್ಟಗಲ, ಓಟ ಎಷ್ಟು ಸೆಕೆಂಡು ಎಂದು ಒಪ್ಪಿಸುತ್ತಾನೆ. ಅವನ ಅಂಗಡಿಗೆ ಬರುವವರು ಫೋನಿನಲ್ಲಿ ಅರ್ಧ ನಿಮಿಷದ ತುಣುಕು ನೋಡಿ ದೇವರಾಣೆ ಹಾಕುತ್ತಾರೆ. ಹೆಸರು ನಮ್ಮ ಹಾಗೆ ಹಂಗೇರಿಯವರದಾಗಿದ್ದರೆ ನಮ್ಮ ಬೀದಿಯಲ್ಲಿ ಹುಡುಗ ಸೊಟ್ಟಗಾಲಿನವನಾದರೂ ಚಿನ್ನ. ಬಸ್ಸಿನಲ್ಲಿ ಬಂದವರೆಲ್ಲ ಚೆಂಡು ನೋಡಿದರು, ಆಟ ಮುಗಿಯುವ ತನಕ ಆ ಹುಡುಗನನ್ನೇ ಕಣ್ಣಾರೆ ಕಂಡವಳು ನಾನೊಬ್ಬಳೇ. "ಪುಕ್ಕಲ" ಎಂದೆ. ಹುಡುಗನ ಕಥೆ ಅಲ್ಲಿಗೆ ಮುಗಿಯಿತು. ವಿನ್ಸ್ ಕೂಡ ಒಂದೇ ವಾರದಲ್ಲಿ "ನಂಗೂ ಮೊದ್ಲಿಂದ ಅನುಮಾನ ಇತ್ತು" ಅನ್ನತೊಡಗಿದ.

ಅಷ್ಟಕ್ಕೇ ನಿಲ್ಲಲಿಲ್ಲ. ವಿನ್ಸ್ ರೇಡಿಯೋದ ಆಟದ ಕಾರ್ಯಕ್ರಮಕ್ಕೆ ಫೋನ್ ಮಾಡಿ, ಹತ್ತಿರದಿಂದ ನೋಡಿದವರು ಹೀಗನ್ನುತ್ತಾರೆ ಅಂದ. ಮರುವಾರ ರೇಡಿಯೋದವನೇ, ತಿಳಿದವರೊಬ್ಬರು ಹೇಳುವ ಪ್ರಕಾರ ಈ ಹುಡುಗನಿಗೆ ಎದೆಗಾರಿಕೆ ಸಾಲದು ಅಂದ. ನಾನು ಅಡುಗೆಮನೆಯಲ್ಲಿ ಕೋಸು ಹೆಚ್ಚುತ್ತಿದ್ದೆ. ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ನಿನ್ನ ಅಮ್ಮನನ್ನು ಕೂಗಿ ಕರೆದು, ನೋಡಿದೆಯಾ, ರೇಡಿಯೋದವರೂ ಅದನ್ನೇ ಹೇಳುತ್ತಿದ್ದಾರೆ ಎಂದೆ. ನನ್ನ ಮಾತೇ ಊರು ಸುತ್ತಿ ನನ್ನ ಕಿವಿಗೇ ಬಂದಿದೆ ಎಂದು ಆಗ ಹೊಳೆಯಲಿಲ್ಲ. ಹೊಳೆದಿದ್ದರೆ ಈ ಪೆನ್ನು ಹಿಡಿಯುವ ಗ್ರಹಚಾರ ಇರಲಿಲ್ಲ.

ಇನ್ನು ಆ ಶುಕ್ರವಾರ. ಈಸ್ಟರಿಗೆ ಮುಂಚಿನ ಉಪವಾಸ, ಮಾಂಸ ಬಿಟ್ಟು ಮೀನಿನ ಊಟ, ಚರ್ಚಿನ ನೆಲಮಾಳಿಗೆಯಲ್ಲಿ ಕಾಲಿಡಲು ಜಾಗವಿಲ್ಲ. ಬಾಣಲೆಯ ಹತ್ತಿರ ನಾನು. ನೆಲ್ಸನ್‌ನ ಅಮ್ಮ ನೊಯೆಮಿ ಯಂಗ್ಸ್‌ಟೌನಿನಿಂದ ಒಬ್ಬಳೇ ಬಂದಿದ್ದಳು. ಬಂದವಳು ನಾನು ಇಂಥವಳು ಎಂದು ಹೇಳಿಕೊಳ್ಳಬೇಕೋ ಬೇಡವೋ. ಬೀಗರಾಗುವವರು ಹೇಗಿದ್ದಾರೆ, ಮೊದಲು ದೂರದಿಂದ ನೋಡೋಣ ಎಂದು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಳಂತೆ. ಅವಳೂ ನನ್ನಂಥವಳೇ. ವಿನ್ಸ್ ಬೇಕೆಂದೇ ನನ್ನನ್ನು ಕೆಣಕಿದ. "ಅಕ್ಕಾ, ನಿನ್ನ ಇಪ್ಪತ್ತೊಂದನ್ನ, ಆ ರೂಬೆನ್‌ನ, ನಮ್ಮವ್ರು ತಗೋತಾರಂತೆ ಕಣಕ್ಕ." ನಾನು ಸೌಟು ಎತ್ತಿ ಹೇಳಿದೆ, ಇಡೀ ನೆಲಮಾಳಿಗೆಗೆ ಕೇಳುವ ಹಾಗೆ ಹೇಳಿದೆ. "ತಗೊಂಡು ಏನ್ ಮಾಡ್ತಾರೆ? ಅವನ್ನ ಹೆತ್ತೋಳು ಮನೇಲೇ ಇಟ್ಕೊಂಡು ಕಿಟಕಿಗೆ ಪರದೆ ಹೊಲಿಯೋದು ಕಲಿಸ್ಬೇಕಿತ್ತು."

ಸಾಲಿನಲ್ಲಿ ಮುಂದೆ ನಿಂತಿದ್ದ ಹೆಂಗಸು ತಟ್ಟೆ ಚಾಚಿದಳು. "ಅಮ್ಮಾ, ಇನ್ನೊಂದು ತುಂಡು ಹಾಕಿ. ಅವನ್ನ ಹೆತ್ತೋಳಿಗೆ ಹಸಿವಾಗಿದೆ" ಅಂದಳು.

ಆಮೇಲೆ ಅವಳು ತನ್ನ ಹೆಸರು ಹೇಳಿದಳು, ನೆಲ್ಸನ್‌ನ ಹೆಸರು ಹೇಳಿದಳು. ರೂಬೆನ್ ಎಂಬ ಆ ಇಪ್ಪತ್ತೊಂದು ನೆಲ್ಸನ್‌ನ ತಮ್ಮ ಎಂದು ನನಗೆ ಹೇಗೆ ಗೊತ್ತಾಗಬೇಕು? ದೊಡ್ಡವನು ಮೊದಲ ಗಂಡನ ಮಗ, ಚಿಕ್ಕವನು ಎರಡನೆಯವನ ಮಗ, ಮನೆತನದ ಹೆಸರೇ ಬೇರೆ. ನಿನಗೆ ಗೊತ್ತಿತ್ತು, ನೀನು ಹೇಳಲಿಲ್ಲ. ಅಜ್ಜಿಯ ಬಾಯಿಗೆ ಹೆದರಿ ಹೇಳಲಿಲ್ಲ ಎನ್ನುತ್ತಾಳೆ ನಿನ್ನ ಅಮ್ಮ. ಅದನ್ನು ನಾನು ಒಪ್ಪುವುದಿಲ್ಲ, ಆದರೆ ಬರೆದಿದ್ದೇನೆ.

ನೊಯೆಮಿ ಮೀನು ತಿನ್ನುತ್ತಲೇ ಒಂದೊಂದೇ ಕೇಳಿದಳು. ನೀವು ನೋಡಿದ್ದು ಯಾವ ಆಟ? ಹಿಮ ಬಿದ್ದ ದಿನದ್ದಾ? "ಆವತ್ತು ನನ್ನ ಮಗ ಆಡ್ಲೇ ಇಲ್ಲಮ್ಮ. ಪಾದ ಉಳುಕಿ ಕೋಟು ಹಾಕ್ಕೊಂಡು ಗೆರೆ ಪಕ್ಕದಲ್ಲಿ ನಿಂತಿದ್ದ. ಕಾಲೇಜಿನಲ್ಲಿ ಹುಡುಗ್ರು ಜಾಸ್ತಿ, ಒಂದೇ ನಂಬರು ಇಬ್ಬರಿಗೆ ಕೊಡ್ತಾರೆ. ನೀವು ನೋಡಿದೋನು ಚೆಂಡು ಹಿಡಿಯೋ ಇಪ್ಪತ್ತೊಂದು. ನನ್ನ ಮಗ ಹಿಡಿಯೋರನ್ನ ಕೆಡವೋ ಇಪ್ಪತ್ತೊಂದು." ನಾನು ಇಷ್ಟು ವರ್ಷ ದೊಡ್ಡ ತಂಡಗಳ ಆಟ ನೋಡಿದವಳು, ಅಲ್ಲಿ ಒಂದು ನಂಬರಿಗೆ ಒಬ್ಬನೇ. ತಿರುಗಿ ವಿನ್ಸ್‌ನನ್ನು ನೋಡಿದೆ. ಅಂಗೈ ಅಳತೆಯೆಲ್ಲ ಬಾಯಿಪಾಠ ಮಾಡಿದ್ದವನಿಗೆ ಹುಡುಗ ಹಿಡಿಯುವವನೋ ಕೆಡವುವವನೋ ಗೊತ್ತಿರಲಿಲ್ಲ. ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಅವನ ಒಂದು ಆಟವನ್ನೂ ಯಾರೂ ನೋಡಿರಲಿಲ್ಲ.

ನಾನು ಕ್ಷಮೆ ಕೇಳಲಿಲ್ಲ ಎಂದು ನಿನಗೆ ಸುದ್ದಿ ಬಂದಿದೆ. ನಿಜ, ಕೇಳಲಿಲ್ಲ. ದೊಡ್ಡ ತುಂಡು ಆರಿಸಿ ಎರಡು ಹಾಕಿದೆ. ಅವಳು ತಿಂದು, ತಟ್ಟೆ ತೊಳೆದಿಟ್ಟು, ಹೋಗಿ ಬರ್ತೀನಿ ಎಂದು ಹೇಳದೆ ಹೋದಳು.

ಮಾರನೇ ದಿನದಿಂದ ನಾನು ಪಟ್ಟ ಪಾಡು ಕೇಳು. ಎಲ್ಲರಿಗೂ ಹೇಳಿದೆ, ನಾನು ನೋಡಿದ್ದು ಬೇರೆ ಹುಡುಗನನ್ನು, ಇವನು ಪುಕ್ಕಲನಲ್ಲ ಎಂದು. ಒಬ್ಬರೂ ನಂಬಲಿಲ್ಲ. "ಬೀಗರಾಗ್ತಾರಲ್ಲ, ಅದಕ್ಕೇ ಅಕ್ಕ ಮೆತ್ತಗಾದ್ಲು" ಎಂದು ನಕ್ಕರು. ರೇಡಿಯೋಗೆ ನಾನೇ ಫೋನ್ ಮಾಡಿದೆ. ಸರದಿ ಬರುವ ಹೊತ್ತಿಗೆ ಸಾರು ಉಕ್ಕಿ ಒಲೆಯೆಲ್ಲ ಹೊಲಸಾಯಿತು. ಆ ಹುಡುಗನ ವಿಷಯ ತಪ್ಪಾಗಿದೆ ಅಂದೆ. ರೇಡಿಯೋದವನು ಸಕ್ಕರೆಯಂಥ ದನಿಯಲ್ಲಿ, "ಇಲ್ಲಮ್ಮ, ಹತ್ತಿರದಿಂದ ನೋಡಿದವರೇ ಹೇಳಿದಾರೆ" ಅಂದ. ಆ ನೋಡಿದವಳು ನಾನೇ ಕಣಯ್ಯ ಅಂದೆ. "ಎಲ್ಲರೂ ಹಾಗೇ ಹೇಳ್ತಾರಮ್ಮ" ಎಂದು ಫೋನ್ ಇಟ್ಟ. ನನ್ನ ಮಾತನ್ನು ನನ್ನಿಂದಲೇ ಕಾಪಾಡುತ್ತಾನೆ, ಮುಠ್ಠಾಳ.

ಕೊನೆಗೆ ವಿನ್ಸ್‌ನ ಕಾರು ಹೊರಡಿಸಿಕೊಂಡು ಯಂಗ್ಸ್‌ಟೌನಿಗೇ ಹೋದೆ. ದಾರಿಯುದ್ದಕ್ಕೂ ಅವನನ್ನು ಬೈದೆ, ಅವನೂ ಪಾಪ ಬೈಸಿಕೊಂಡ. ನೊಯೆಮಿ ಬಾಗಿಲು ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಿನ್ನ ಮಗನ ಆಟ ತೋರಿಸು, ಪೂರ್ತಿ ಆಟ, ತುಣುಕು ಬೇಡ ಅಂದೆ. ಅವಳು ಒಳಗೆ ಕರೆದು ಟಿ.ವಿ. ಮುಂದೆ ಕೂರಿಸಿದಳು. ಮೂರು ಆಟ ನೋಡಿದೆ ಟೆಸ್ಸಾ. ಎಂಥ ಹುಡುಗ. ಗೋಡೆ ಬಿದ್ದ ಹಾಗೆ ಬೀಳುತ್ತಾನೆ ಎದುರಿನವರ ಮೇಲೆ, ಆಮೇಲೆ ಕೈ ಕೊಟ್ಟು ಎಬ್ಬಿಸುತ್ತಾನೆ. ಆದರೆ ಕಂಡದ್ದನ್ನು ಹೇಳದೆ ಇರಲು ನನ್ನಿಂದ ಆಗುವುದಿಲ್ಲ. ಚೆನ್ನಾಗಿದ್ದಾನೆ, ಆದರೆ ಒಂದು ಹೆಜ್ಜೆ ಅವಸರ, ಚೆಂಡು ಕದಲುವ ಮೊದಲೇ ಹಾರುತ್ತಾನೆ ಎಂದುಬಿಟ್ಟೆ. ವಿನ್ಸ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನೊಯೆಮಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಏಳು ತಿಂಗಳಿಗೇ ಹುಟ್ಟಿದೋನು ಕಣಮ್ಮ ಅವನು. ಹೊಟ್ಟೇಲಿದ್ದಾಗಿಂದ್ಲೂ ಅವಸರವೇ. ನಾನು ಬಾಯಿ ಬಡ್ಕೊಂಡು ಸಾಕಾಯ್ತು, ನೀವಾದ್ರೂ ಹೇಳಿ." ನನಗೂ ನಗು ಬಂತು. ಆಮೇಲೆ ತೊಗರಿಕಾಳು ಹಾಕಿದ ಅನ್ನ ಬಡಿಸಿದಳು. ಎರಡು ಸಲ ಹಾಕಿಸಿಕೊಂಡೆ. ಹೊರಡುವಾಗ ತಬ್ಬಿಕೊಂಡು ಹೋಗಿ ಬನ್ನಿ ಅಂದಳು. ನಂಬದಿದ್ದರೆ ಅವಳನ್ನೇ ಕೇಳು, ಅವಳ ಫೋನನ್ನಾದರೂ ಎತ್ತು.

ಈಗ ನಮ್ಮ ತೀರ್ಮಾನ ಏನೆಂದರೆ, ಡ್ರಾಫ್ಟಿನ ಕೊನೆಯ ದಿನ, ಮೂವತ್ತನೇ ತಾರೀಖು ಶನಿವಾರ, ನೊಯೆಮಿ ರೂಬೆನ್‌ನನ್ನು ಕರೆದುಕೊಂಡು ನಮ್ಮ ಮನೆಗೆ ಬರುತ್ತಾಳೆ. ಆ ದಿನ ನಿಮ್ಮ ಹಡಗು ಕ್ಲೀವ್‌ಲ್ಯಾಂಡಿನಲ್ಲಿ ಅದಿರು ಇಳಿಸುತ್ತದಂತೆ. ಅಲ್ಲಿಂದ ಯಂಗ್ಸ್‌ಟೌನ್ ದೂರ, ನಮ್ಮ ಮನೆ ಹತ್ತಿರ, ಅದಕ್ಕೇ ಇಲ್ಲಿ. ಯಾವ ತಂಡದವರು ಹುಡುಗನನ್ನು ಆರಿಸಿ ಫೋನ್ ಮಾಡುತ್ತಾರೋ, ಮಾಡುತ್ತಾರೋ ಇಲ್ಲವೋ, ದೇವರಿಗೇ ಗೊತ್ತು. ತಂಡದವರು ನಮ್ಮಂಥವರ ಮಾತು ಕೇಳುವುದಿಲ್ಲ ಎಂಬುದೊಂದೇ ಸಮಾಧಾನ. ಫೋನ್ ಬರಲಿ ಬಿಡಲಿ, ಊಟಕ್ಕೆ ಎಲೆಕೋಸಿನ ಸುರುಳಿ ಮಾಡುತ್ತೇನೆ. ಹುಡುಗ ಹೇಗೆ ತಿನ್ನುತ್ತಾನೆ ಎಂದೂ ನೋಡಬೇಕು.

ನಿನ್ನ ಅಮ್ಮ ಮುತ್ತು ಕಳಿಸಿದ್ದಾಳೆ. ವಿನ್ಸ್ ನಮಸ್ಕಾರ ಹೇಳು ಎಂದ, ಹೇಳಿದ್ದೇನೆ. ದೇವರು ನಿನ್ನನ್ನೂ ಆ ಹಡಗನ್ನೂ ಅದರಲ್ಲಿರುವ ಎಲ್ಲರನ್ನೂ ಕಾಯಲಿ.

ನಿನ್ನ ಅಜ್ಜಿ,
ಇರ್ಮಾ

ಮರೆತಿದ್ದೆ. ನೆಲ್ಸನ್ ಬೇಡ ಎಂದು ನಾನು ಕ್ರಿಸ್‌ಮಸ್ಸಿನಿಂದ ಅನ್ನುತ್ತಾ ಬಂದದ್ದು ಅವನ ಒಂದೇ ಒಂದು ಫೋಟೋ ನೋಡಿ, ಅವನ ತಲೆಯ ಮೇಲಿದ್ದ, ನಮ್ಮ ತಂಡದ ಹಳೇ ವೈರಿ ಪಿಟ್ಸ್‌ಬರ್ಗ್‌ನವರ ಟೋಪಿ ನೋಡಿ. ಇನ್ನೊಂದು ಇಪ್ಪತ್ತೊಂದು ಆಗುವುದು ಬೇಡ. ಮನುಷ್ಯನನ್ನು ಪೂರ್ತಿ ನೋಡಬೇಕು, ಕರೆದುಕೊಂಡು ಬಾ. ಆ ಟೋಪಿ ಮಾತ್ರ ನನ್ನ ಹೊಸಿಲು ದಾಟಕೂಡದು. ಬಾಗಿಲಿನ ಹೊರಗೆ, ಮಳೆ ಬೀಳದ ಕಡೆ, ಅದಕ್ಕೊಂದು ಮೊಳೆ ಹೊಡೆಸಿದ್ದೇನೆ. ಇಬ್ಬರೂ ಬರುತ್ತೀರೋ ಇಲ್ಲವೋ, ಇಪ್ಪತ್ತನಾಲ್ಕನೇ ತಾರೀಖಿನೊಳಗೆ ನನಗೆ ಉತ್ತರ ಬರಬೇಕು.